ಯುದ್ಧ ನಿಂತಿತು, ಅನ್ನ ಯಾಕಿನ್ನೂ ಬಂದಿಲ್ಲ?

ಯುದ್ಧ ಮುಗಿದ ಮೇಲಿನ ಹಸಿವಿನ ಬಗ್ಗೆ ಪ್ರಶ್ನೆ ಕಳಿಸಿ ಅಂತ ಕಳೆದ ಸಂಚಿಕೆಯಲ್ಲಿ ಕೇಳಿದ್ದೆ. ರಾಶಿ ಪತ್ರ ಬಂದಿವೆ. ಎಲ್ಲದಕ್ಕೂ ಇಲ್ಲಿ ಜಾಗ ಸಾಲದು, ಹಾಗಾಗಿ ಒಂದೇ ಥರದ ಪ್ರಶ್ನೆಗಳನ್ನು ಒಟ್ಟು ಮಾಡಿದ್ದೇನೆ.

ಪ್ರಶ್ನೆ: ಸರ್, ನಾನು ಲಾರಿ ಓಡಿಸುವವನು. ಕದನ ವಿರಾಮ ಆಯ್ತು, ಗೋದಾಮಿನಲ್ಲಿ ಗೋಧಿ ಇದೆ, ಗಡಿಯಲ್ಲಿ ಲಾರಿಗಳು ಸಾಲಾಗಿ ನಿಂತಿವೆ ಅಂತ ಟಿವಿಯಲ್ಲಿ ತೋರಿಸುತ್ತಾರೆ. ಒಂದು ರಾತ್ರಿ ಓಡಿಸಿದರೆ ಮುಟ್ಟುವ ದೂರ. ತಿಂಗಳುಗಟ್ಟಲೆ ಯಾಕೆ ಬೇಕು?

ಉತ್ತರ: ದೂರದ ಲೆಕ್ಕದಲ್ಲಿ ನೀವು ಹೇಳಿದ್ದು ಸರಿ. ಆದರೆ ಆ ಲಾರಿ ಹೊರಡಬೇಕಾದರೆ ಮೊದಲು ಕೆಲವು ಪ್ರಶ್ನೆಗಳು ಬಗೆಹರಿಯಬೇಕು. ಲಾರಿ ಯಾರದ್ದು? ಡ್ರೈವರ್ ಯಾವ ದೇಶದವನು? ಗಾಡಿಯ ಮೇಲೆ ಯಾವ ಬಾವುಟ? ಚೀಲ ಬಿಚ್ಚಿ ನೋಡುವವರು ಯಾರು? ಆ ಕಡೆ ಇಳಿಸಿಕೊಂಡವನು ಯಾರ ಹೆಸರಲ್ಲಿ ರಸೀದಿ ಕೊಡಬೇಕು? ನಮಗೆ ಇವು ಸಣ್ಣ ವಿಷಯ ಅನ್ನಿಸುತ್ತವೆ. ಆದರೆ ನಿನ್ನೆವರೆಗೆ ಗುಂಡು ಹಾರಿಸಿಕೊಂಡ ಎರಡು ಕಡೆಯವರಿಗೆ ಹಾಗಲ್ಲ. ಎದುರಿನವನ ರಸೀದಿ ತಗೊಂಡರೆ ಅವನನ್ನು ಸರ್ಕಾರ ಅಂತ ಒಪ್ಪಿಕೊಂಡ ಹಾಗೆ ಆಗುತ್ತದಲ್ಲ ಅನ್ನುವ ಭಯ.

ನಮ್ಮದೇ ದೇಶದ ಉದಾಹರಣೆ ಹೇಳುತ್ತೇನೆ. 2021ರ ಆಗಸ್ಟ್‌ನಲ್ಲಿ ಅಫ್ಘಾನಿಸ್ತಾನದ 20 ವರ್ಷದ ಯುದ್ಧ ಮುಗಿದು ತಾಲಿಬಾನ್ ಕಾಬೂಲಿಗೆ ಬಂತು. ಚಳಿಗಾಲ ಹತ್ತಿರವಿತ್ತು, ಜನರ ಕೈಯಲ್ಲಿ ದುಡ್ಡಿರಲಿಲ್ಲ. ಭಾರತ 50,000 ಟನ್ ಗೋಧಿ ಕೊಡುತ್ತೇನೆ ಅಂದಿತು. ಹತ್ತಿರದ ದಾರಿ ಅಂದರೆ ಅಟ್ಟಾರಿ-ವಾಘಾ ಗಡಿ ದಾಟಿ ಪಾಕಿಸ್ತಾನದ ಮೂಲಕ ಹೋಗಬೇಕು. ಪಾಕಿಸ್ತಾನ ನವೆಂಬರ್‌ನಲ್ಲಿ ತಾತ್ವಿಕವಾಗಿ ಒಪ್ಪಿತು. ಆಮೇಲೆ ಯಾರ ಲಾರಿ ಅನ್ನುವುದರಲ್ಲಿ ಮಾತುಕತೆ ಸಿಕ್ಕಿಹಾಕಿಕೊಂಡಿತು. ನಮ್ಮ ಲಾರಿಯಲ್ಲಿ ಅಂತ ಅವರು, ಭಾರತದ ಇಲ್ಲವೇ ಅಫ್ಘನ್ ಲಾರಿಯಲ್ಲಿ ಅಂತ ನಾವು. ಕೊನೆಗೆ ಅಫ್ಘನ್ ಲಾರಿ, ಅಫ್ಘನ್ ಡ್ರೈವರ್ ಅಂತ ತೀರ್ಮಾನವಾಯ್ತು. ತಾಲಿಬಾನ್ ಸರ್ಕಾರಕ್ಕೆ ಭಾರತ ಮಾನ್ಯತೆ ಕೊಟ್ಟಿರಲಿಲ್ಲ, ಹಾಗಾಗಿ ಆ ಕಡೆ ಗೋಧಿ ತಗೊಂಡು ಹಂಚುವ ಕೆಲಸ ವಿಶ್ವಸಂಸ್ಥೆಯ ವಿಶ್ವ ಆಹಾರ ಕಾರ್ಯಕ್ರಮದ್ದು. ಅದಕ್ಕೆ ಬೇರೆ ಒಪ್ಪಂದ. ಎಲ್ಲ ಮುಗಿದು 2,500 ಟನ್ ಹೊತ್ತ ಮೊದಲ 50 ಲಾರಿ ಜಲಾಲಾಬಾದ್ ಕಡೆ ಹೊರಟಿದ್ದು 2022ರ ಫೆಬ್ರವರಿ 22ಕ್ಕೆ. ಚಳಿಗಾಲದ ಬಹುಪಾಲು ಆಗಲೇ ಕಳೆದಿತ್ತು. ಆದರೂ ಮಾತೇ ಆಡದ ಎರಡು ದೇಶಗಳ ನಡುವಿನ ಗೇಟು ಗೋಧಿಗಾಗಿ ತೆರೆಯಿತು. ನಾನು ಇದನ್ನು ಸಣ್ಣ ಸಾಧನೆ ಅನ್ನುವುದಿಲ್ಲ.

ಇನ್ನು ಬಂದರಿನ ಕಥೆ ಇದಕ್ಕಿಂತ ಕಷ್ಟ. ಯೆಮೆನ್ ತಾನು ತಿನ್ನುವ ಆಹಾರದಲ್ಲಿ ಹೆಚ್ಚುಕಡಿಮೆ ಎಲ್ಲವನ್ನೂ ಹೊರಗಿಂದ ತರಿಸುತ್ತದೆ, ಅದರಲ್ಲೂ ಹೊದೈದಾ ಬಂದರಿನ ಮೂಲಕವೇ ಜಾಸ್ತಿ. 2015ರ ಆಗಸ್ಟ್‌ನಲ್ಲಿ ಸೌದಿ ಮುಂದಾಳತ್ವದ ಪಡೆಗಳ ವಾಯುದಾಳಿಗೆ ಅಲ್ಲಿನ ಕ್ರೇನ್‌ಗಳು ಹಾಳಾದವು. ಹಡಗಿನಿಂದ ಚೀಲ ಇಳಿಸುವ ಕೆಲಸ ಕುಂಟತೊಡಗಿತು. ಬದಲಿಗೆ ನಾಲ್ಕು ಕ್ರೇನ್ ತರಿಸಿ ಹಡಗಿನಲ್ಲಿ ಕಳಿಸಿದರೆ 2017ರ ಜನವರಿಯಲ್ಲಿ ಅದೇ ಪಡೆಗಳು ಆ ಹಡಗನ್ನೇ ವಾಪಸ್ ಕಳಿಸಿದವು. ಅವು ಬಂದರು ಮುಟ್ಟಿದ್ದು ಸರಿಯಾಗಿ ಒಂದು ವರ್ಷದ ಮೇಲೆ.

ಅದೇ ಊರಿನಲ್ಲಿ ಕೆಂಪು ಸಮುದ್ರದ ಹಿಟ್ಟಿನ ಗಿರಣಿ ಇದೆ. ಅದರ ಕಣಜಗಳಲ್ಲಿ 51,000 ಟನ್ ಗೋಧಿ ಇತ್ತು. 37 ಲಕ್ಷ ಜನಕ್ಕೆ ಒಂದು ತಿಂಗಳು ಸಾಕಾಗುವಷ್ಟು. 2018ರ ಸೆಪ್ಟೆಂಬರ್‌ನಲ್ಲಿ ಆ ಗಿರಣಿ ಎರಡು ಸೇನೆಗಳ ಮಧ್ಯೆ ಸಿಕ್ಕಿಹಾಕಿಕೊಂಡಿತು. ಡಿಸೆಂಬರ್‌ನಲ್ಲಿ ಸ್ಟಾಕ್‌ಹೋಮ್‌ನಲ್ಲಿ ಒಪ್ಪಂದವಾಯ್ತು, ಊರಲ್ಲಿ ಕದನ ವಿರಾಮವೂ ಬಂತು. ಆದರೂ ಗಿರಣಿಯ ತನಕದ ರಸ್ತೆ ತೆರೆಯಲಿಲ್ಲ. ವಿಶ್ವಸಂಸ್ಥೆಯ ತಂಡ ಒಳಗೆ ಹೋಗಿ ನೋಡಿದ್ದು 2019ರ ಫೆಬ್ರವರಿ ಕೊನೆಗೆ. ಅಷ್ಟರಲ್ಲಿ ಗೋಧಿಗೆ ಹುಳ ಬಿದ್ದಿತ್ತು. ಮೊದಲು ಔಷಧದ ಹೊಗೆ ಹಾಕಬೇಕು, ಆಮೇಲೆ ಬೀಸಬೇಕು. ಹುಳ ತಿಂದ ಕಾಳಿನಿಂದ ಹಿಟ್ಟೂ ಕಡಿಮೆ ಬೀಳುತ್ತದೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತೇವಲ್ಲ, ಅದನ್ನು ಹೊದೈದಾ ಜನ ಐದಾರು ತಿಂಗಳು ಅನುಭವಿಸಿದರು.

ಪ್ರಶ್ನೆ: ರಸ್ತೆ ಬಿಡದಿದ್ದರೆ ವಿಮಾನದಿಂದ ಹಾಕಬಹುದಲ್ವಾ?

ಉತ್ತರ: ಹಾಕಬಹುದು, ಹಾಕಿದ್ದಾರೆ ಕೂಡ. 1987ರ ಜೂನ್‌ನಲ್ಲಿ ಜಾಫ್ನಾಗೆ ದೋಣಿಗಳಲ್ಲಿ ಕಳಿಸಿದ ಸಾಮಾನನ್ನು ಶ್ರೀಲಂಕಾ ನೌಕಾಪಡೆ ತಡೆದು ವಾಪಸ್ ಕಳಿಸಿತು. ಮಾರನೇ ದಿನ ಭಾರತದ ಸರಕು ವಿಮಾನಗಳು ಮಿರಾಜ್ ಫೈಟರ್‌ಗಳ ಕಾವಲಿನಲ್ಲಿ ಹೋಗಿ ಸುಮಾರು 25 ಟನ್ ಸಾಮಾನು ಹಾಕಿ ಬಂದವು. ಅದು ಹೊಟ್ಟೆ ತುಂಬಿಸುವುದಕ್ಕಿಂತ ಹೆಚ್ಚಾಗಿ ಕೊಲಂಬೋಗೆ ಕಳಿಸಿದ ಸಂದೇಶವಾಗಿತ್ತು. 25 ಟನ್ ಅಂದರೆ ಎರಡು ಮೂರು ಲಾರಿ ಲೋಡು ಅಷ್ಟೇ.

ಆಕಾಶದಿಂದ ಬಿದ್ದಿದ್ದನ್ನು ಯಾರು ತಗೊಳ್ಳುತ್ತಾರೆ? ಓಡುವ ಶಕ್ತಿ ಇದ್ದವರು. ಮುದುಕರು, ಬಸುರಿಯರು, ಮಗು ಎತ್ತಿಕೊಂಡ ತಾಯಂದಿರು ಹಿಂದೆ ಉಳಿಯುತ್ತಾರೆ. ಗಾಜಾದಲ್ಲಿ 2024ರ ಮಾರ್ಚ್‌ನಲ್ಲಿ ಪ್ಯಾರಾಚೂಟ್ ಸರಿಯಾಗಿ ಬಿಚ್ಚಿಕೊಳ್ಳದೆ ಪೆಟ್ಟಿಗೆ ಮೈಮೇಲೆ ಬಿದ್ದು ಐದು ಜನ ಸತ್ತ ವರದಿ ಬಂತು. ಖರ್ಚಂತೂ ರಸ್ತೆಗಿಂತ ಹಲವು ಪಟ್ಟು. ಬೇರೆ ದಾರಿಯೇ ಇಲ್ಲದ ಕಡೆ ಮಾತ್ರ ಇದು ಸರಿ. ಹತ್ತಿರದಲ್ಲೇ ಗೇಟು ಇದ್ದೂ ಮುಚ್ಚಿದ್ದರೆ, ಒತ್ತಡ ಹಾಕಬೇಕಾದ್ದು ಆ ಗೇಟಿನ ಮೇಲೆ.

ಪ್ರಶ್ನೆ: ನಾನು ಕಾನೂನು ವಿದ್ಯಾರ್ಥಿನಿ. ಜನರನ್ನು ಹಸಿವಿನಿಂದ ಸಾಯಿಸುವುದು ಅಪರಾಧ ಅಂತ ಓದಿದ್ದೇನೆ. ಹಾಗಿದ್ದರೆ ನೆರವಿಗೆ ಅನುಮತಿ ಯಾಕೆ ಕೇಳಬೇಕು?

ಉತ್ತರ: ನೋಡಮ್ಮ, ಇಲ್ಲಿ ಎರಡು ಎಳೆಗಳಿವೆ. ನೀನು ಓದಿದ್ದು ಮೊದಲನೆಯದು. 1949ರ ಜಿನೀವಾ ಒಪ್ಪಂದ, ಅದಕ್ಕೆ 1977ರಲ್ಲಿ ಸೇರಿಸಿದ ಪ್ರೋಟೋಕಾಲ್, ಇವುಗಳ ಪ್ರಕಾರ ಜನಸಾಮಾನ್ಯರನ್ನು ಹಸಿವಿಗೆ ದೂಡುವುದನ್ನು ಯುದ್ಧದ ಆಯುಧವಾಗಿ ಬಳಸುವಂತಿಲ್ಲ. ಒಂದು ಪ್ರದೇಶವನ್ನು ವಶ ಮಾಡಿಕೊಂಡ ದೇಶ ಅಲ್ಲಿನ ಜನಕ್ಕೆ ಆಹಾರ ಸಿಗುವಂತೆ ನೋಡಿಕೊಳ್ಳಬೇಕು. 2018ರಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯೂ 2417ನೇ ನಿರ್ಣಯದಲ್ಲಿ ಒಮ್ಮತದಿಂದ ಇದನ್ನೇ ಹೇಳಿತು. 2024ರ ನವೆಂಬರ್‌ನಲ್ಲಿ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ ಇಸ್ರೇಲ್ ಪ್ರಧಾನಿ ಮತ್ತು ಅವರ ಮಾಜಿ ರಕ್ಷಣಾ ಸಚಿವರ ಮೇಲೆ ಹೊರಡಿಸಿದ ವಾರಂಟ್‌ನಲ್ಲಿ ಈ ಆರೋಪವೂ ಇದೆ. ಇಸ್ರೇಲ್ ಅದನ್ನು ಒಪ್ಪುವುದಿಲ್ಲ.

ಎರಡನೆಯದು ಒಪ್ಪಿಗೆ. 1991ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಮಹಾಸಭೆ 46/182 ಅನ್ನುವ ನಿರ್ಣಯ ಮಾಡಿತು. ಇಂದಿನ ನೆರವಿನ ವ್ಯವಸ್ಥೆಗೆಲ್ಲ ಅದೇ ಬುನಾದಿ. ನೆರವು ಯಾರ ಪಕ್ಷವನ್ನೂ ವಹಿಸಬಾರದು ಅಂತ ಅದು ಹೇಳುತ್ತದೆ. ಜೊತೆಗೆ ಆ ದೇಶದ ಸಮ್ಮತಿಯೂ ಬೇಕು ಅನ್ನುತ್ತದೆ. ಒಪ್ಪಿಗೆಯನ್ನು ಸುಮ್ನೆ ಕಾರಣವಿಲ್ಲದೆ ತಡೆಹಿಡಿಯುವಂತಿಲ್ಲ ಅಂತ ಕಾನೂನು ಬಲ್ಲವರು ವಾದಿಸುತ್ತಾರೆ, ಸರಿಯಾದ ವಾದವೇ. ಆದರೆ ಗೇಟಿನಲ್ಲಿ ಬಂದೂಕು ಹಿಡಿದು ನಿಂತವನಿಗೆ ಅದನ್ನು ಓದಿ ಹೇಳುವವರು ಯಾರು?

ಸಿರಿಯಾದಲ್ಲಿ ಒಮ್ಮೆ ಈ ಗೋಡೆ ದಾಟಿದ್ದರು. 2014ರ ಜುಲೈನಲ್ಲಿ ಭದ್ರತಾ ಮಂಡಳಿ 2165ನೇ ನಿರ್ಣಯದ ಮೂಲಕ ಸಿರಿಯಾ ಸರ್ಕಾರದ ಒಪ್ಪಿಗೆ ಇಲ್ಲದೆಯೇ ನಾಲ್ಕು ಗಡಿ ದಾರಿಗಳಿಂದ ನೆರವು ಕಳಿಸಲು ಅನುಮತಿ ಕೊಟ್ಟಿತು. ಆಮೇಲೆ ಪ್ರತಿ ಸಲ ನವೀಕರಣ ಬಂದಾಗಲೂ ವೀಟೋ, ಅಂದರೆ ಒಂದೇ ದೊಡ್ಡ ದೇಶ ನಿರ್ಣಯವನ್ನು ತಡೆಯುವ ಅಧಿಕಾರದ ಬೆದರಿಕೆ. ನಾಲ್ಕು ಎರಡಾಗಿ, 2020ರ ಹೊತ್ತಿಗೆ ಟರ್ಕಿ ಗಡಿಯ ಬಾಬ್ ಅಲ್-ಹವಾ ಒಂದೇ ಉಳಿಯಿತು. 2023ರ ಜುಲೈನಲ್ಲಿ ರಷ್ಯಾದ ವೀಟೋದಿಂದ ಅದೂ ನಿಂತಿತು, ಆಮೇಲೆ ಸಿರಿಯಾ ಸರ್ಕಾರದ ಅನುಮತಿಯ ಮೇಲೆ ಮತ್ತೆ ತೆರೆಯಿತು. ಲಕ್ಷಾಂತರ ಜನರ ಊಟ ನ್ಯೂಯಾರ್ಕಿನ ಒಂದು ಕೋಣೆಯಲ್ಲಿ ಯಾರು ಕೈ ಎತ್ತುತ್ತಾರೆ ಅನ್ನುವುದರ ಮೇಲೆ ನಿಂತಿತ್ತು. ನೀನು ಮುಂದೆ ಈ ಕಾನೂನನ್ನೇ ಓದುವುದಾದರೆ, ಈ ಒಪ್ಪಿಗೆ ಅನ್ನುವ ಪದದ ಮೇಲೆ ಕೆಲಸ ಮಾಡು. ಅಲ್ಲಿ ಮಾಡಬೇಕಾದ್ದು ಬಹಳ ಇದೆ.

ಪ್ರಶ್ನೆ: ಪುಕ್ಕಟೆ ಅನ್ನ ಯಾರೂ ಕೊಡುವುದಿಲ್ಲ ಅಂತ ನಮ್ಮ ತಂದೆ ಹೇಳುತ್ತಿದ್ದರು. ದೊಡ್ಡ ದೇಶಗಳು ನೆರವಿನ ಹೆಸರಲ್ಲಿ ಕೈ ತಿರುಚುವುದು ನಿಜವಾ?

ಉತ್ತರ: ನಿಜ. ನಿಮ್ಮ ತಂದೆಯವರು 1965-66 ಕಂಡವರಿರಬೇಕು. ಪಾಕಿಸ್ತಾನದ ಜೊತೆ ಯುದ್ಧ ಆಗಷ್ಟೇ ಮುಗಿದಿತ್ತು, ಮಳೆ ಕೈಕೊಟ್ಟಿತ್ತು. ನಮ್ಮ ಗೋಧಿ ಅಮೆರಿಕದ ಪಿ.ಎಲ್. 480 ಅನ್ನುವ ಕಾಯ್ದೆಯಡಿ ಬರುತ್ತಿತ್ತು. ಅಧ್ಯಕ್ಷ ಜಾನ್ಸನ್ ಅದನ್ನು ಒಟ್ಟಿಗೆ ಕೊಡದೆ ಸ್ವಲ್ಪ ಸ್ವಲ್ಪ ಬಿಡುತ್ತಿದ್ದರು. ನಮ್ಮ ಕೃಷಿ ನೀತಿ ಬದಲಾಗಬೇಕು ಅನ್ನುವುದು ಒಂದು ಒತ್ತಾಯ. ವಿಯೆಟ್ನಾಂ ಯುದ್ಧವನ್ನು ಭಾರತ ಟೀಕಿಸಿದ್ದೂ ಅವರಿಗೆ ಹಿಡಿಸಿರಲಿಲ್ಲ. ಹಡಗಿನಿಂದ ನೇರ ಬಾಯಿಗೆ ಅನ್ನುವ ಮಾತು ಹುಟ್ಟಿದ್ದು ಆಗಲೇ.

ಆದರೆ ನನ್ನನ್ನು ಜಾಸ್ತಿ ಕಾಡುವುದು ಬಾಂಗ್ಲಾದೇಶದ ಕಥೆ. 1971ರ ಡಿಸೆಂಬರ್ 16ಕ್ಕೆ ಯುದ್ಧ ಮುಗಿಯಿತು. ಭಾರತದಲ್ಲಿದ್ದ ಸುಮಾರು ಒಂದು ಕೋಟಿ ನಿರಾಶ್ರಿತರು ಕೆಲವೇ ತಿಂಗಳಲ್ಲಿ ಊರಿಗೆ ಹೊರಟರು. ಹೋಗಿ ನೋಡಿದರೆ ಮನೆಯಿಲ್ಲ, ಎತ್ತಿಲ್ಲ, ಬೀಜವಿಲ್ಲ. ಪದ್ಮಾ ನದಿಯ ಹಾರ್ಡಿಂಜ್ ಸೇತುವೆ ಮುರಿದುಬಿದ್ದಿತ್ತು. ಚಿತ್ತಗಾಂಗ್ ಬಂದರಿನ ನೀರಿನಲ್ಲಿ ಮೈನ್‌ಗಳು, ಮುಳುಗಿದ ಹಡಗುಗಳು. ಸೋವಿಯತ್ ನೌಕಾಪಡೆ ಬಂದು 1972ರಿಂದ 1974ರ ತನಕ ಅದನ್ನು ಸ್ವಚ್ಛ ಮಾಡಿತು. ಆ ಕೆಲಸದಲ್ಲಿ ಸತ್ತ ಒಬ್ಬ ಯುವ ನಾವಿಕನ ಸಮಾಧಿ ಅಲ್ಲೇ ಪತೆಂಗಾದಲ್ಲಿದೆ. ವಿಶ್ವಸಂಸ್ಥೆ ಢಾಕಾದಲ್ಲಿ ದೊಡ್ಡ ಪರಿಹಾರ ಕಚೇರಿಯನ್ನೇ ತೆರೆಯಿತು. ಆದರೆ ಬಾಂಗ್ಲಾದೇಶ ವಿಶ್ವಸಂಸ್ಥೆಯ ಸದಸ್ಯ ದೇಶವೇ ಆಗಿರಲಿಲ್ಲ. 1972ರ ಆಗಸ್ಟ್‌ನಲ್ಲಿ ಚೀನಾ ವೀಟೋ ಹಾಕಿ ತಡೆದಿತ್ತು. ಪಾಕಿಸ್ತಾನದ ಯುದ್ಧ ಕೈದಿಗಳ ವಿಷಯ ಬಗೆಹರಿಯಲಿಲ್ಲ ಅನ್ನುವುದು ಕಾರಣ. ಒಂದು ಬಾಗಿಲಿನಿಂದ ಧಾನ್ಯ ಬರುತ್ತಿತ್ತು, ಇನ್ನೊಂದು ಬಾಗಿಲು ಮುಚ್ಚಿತ್ತು. ಸದಸ್ಯತ್ವ ಸಿಕ್ಕಿದ್ದು 1974ರ ಸೆಪ್ಟೆಂಬರ್‌ನಲ್ಲಿ.

ಅದೇ ತಿಂಗಳುಗಳಲ್ಲಿ ದೇಶದೊಳಗೆ ಜನ ಹಸಿವಿನಿಂದ ಸಾಯುತ್ತಿದ್ದರು. ತೈಲ ಬೆಲೆ ಏರಿ ವಿದೇಶಿ ವಿನಿಮಯ ಬರಿದಾಗಿತ್ತು, ದುಡ್ಡು ಕೊಟ್ಟು ಧಾನ್ಯ ತರಿಸುವುದಕ್ಕೂ ಆಗುತ್ತಿರಲಿಲ್ಲ. ಆಗ ಅಮೆರಿಕ ಒಂದು ತಕರಾರು ತೆಗೆಯಿತು. ಬಾಂಗ್ಲಾದೇಶ ಕ್ಯೂಬಾಗೆ ಗೋಣಿಚೀಲ ಮಾರಿದೆ, ಕ್ಯೂಬಾ ಜೊತೆ ವ್ಯಾಪಾರ ಮಾಡುವ ದೇಶಕ್ಕೆ ಪಿ.ಎಲ್. 480 ಧಾನ್ಯ ಕೊಡುವಂತಿಲ್ಲ ಅಂತ. ಮಾರಿದ್ದು 40 ಲಕ್ಷ ಚೀಲ. ಸೆಣಬು ಬಿಟ್ಟರೆ ಮಾರಲು ಬೇರೇನೂ ಹೆಚ್ಚಿಗೆ ಇರದ ದೇಶ ಅದು. ಢಾಕಾ ಒಪ್ಪಿಕೊಂಡು ಆ ವ್ಯಾಪಾರ ನಿಲ್ಲಿಸಿತು. ಅಮೆರಿಕದ ಧಾನ್ಯ ಬಂದಿಳಿಯುವ ಹೊತ್ತಿಗೆ ಕ್ಷಾಮದ ಕೆಟ್ಟ ತಿಂಗಳುಗಳು ಮುಗಿದುಹೋಗಿದ್ದವು.

ತಪ್ಪೆಲ್ಲ ಅಮೆರಿಕದ್ದೇ ಅಂತ ನಾನು ಹೇಳುತ್ತಿಲ್ಲ. ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ ಲೆಕ್ಕ ತೆಗೆದು ತೋರಿಸಿದ್ದು ಬೇರೆ. 1974ರಲ್ಲಿ ಆ ದೇಶದಲ್ಲಿ ಅಕ್ಕಿ ಹಿಂದಿನ ವರ್ಷಗಳಿಗಿಂತ ಕಡಿಮೆ ಇರಲಿಲ್ಲ. ಪ್ರವಾಹದಿಂದ ನಾಟಿ ಕೆಲಸ ಹೋಯಿತು, ಕೂಲಿ ಹೋಯಿತು, ಅಕ್ಕಿ ಬೆಲೆ ಹಾರಿತು. ರಂಗಪುರದ ಕೂಲಿಯವನ ಎದುರಿಗೇ ಅಕ್ಕಿ ಇತ್ತು, ಕೊಳ್ಳುವ ಶಕ್ತಿ ಇರಲಿಲ್ಲ. ಸರ್ಕಾರ ಸುಮಾರು 6,000 ಗಂಜಿ ಕೇಂದ್ರ ತೆರೆಯಿತು, ಲಂಗರ್‌ಖಾನಾ ಅಂತ ಅಲ್ಲಿನ ಹೆಸರು. ಒಂದು ಹಂತದಲ್ಲಿ 43 ಲಕ್ಷಕ್ಕೂ ಹೆಚ್ಚು ಜನ ಅಲ್ಲಿ ಉಂಡರು. ಆದರೂ ಸರ್ಕಾರದ ಲೆಕ್ಕದಲ್ಲೇ 26,000 ಸಾವು. ನಿಜವಾದ ಸಂಖ್ಯೆ ಅದಕ್ಕಿಂತ ಎಷ್ಟೋ ಜಾಸ್ತಿ ಅನ್ನುವುದು ಅಧ್ಯಯನ ಮಾಡಿದವರ ಅಂದಾಜು. ಅಂಥ ಹೊತ್ತಿನಲ್ಲಿ ಗೋಣಿಚೀಲದ ಲೆಕ್ಕ ಕೇಳಿದ್ದು ನನಗೆ ಇವತ್ತಿಗೂ ನುಂಗಲಾಗದ ಸಂಗತಿ. ದೇಶ ದೇಶಗಳ ನಡುವೆ ಚೌಕಾಸಿ ಇರಲಿ, ತೈಲದ ಮೇಲೆ ಮಾಡಲಿ, ಗಡಿ ರೇಖೆಯ ಮೇಲೆ ಮಾಡಲಿ. ಅನ್ನವನ್ನು ಆ ಮೇಜಿನಿಂದ ಮೊದಲೇ ಎತ್ತಿಡಬೇಕು, ಕದನ ವಿರಾಮದ ಕಾಗದದಲ್ಲಿ ಮೊದಲ ಸಾಲೇ ಅದಾಗಿರಬೇಕು.

ಪ್ರಶ್ನೆ: ನಾನು ಗೃಹಿಣಿ. ಒಬ್ಬರಿಗೆ ಎಷ್ಟು ಅಂತ ಕೊಡುತ್ತಾರೆ? ಆ ಚೀಲದಲ್ಲಿ ಏನಿರುತ್ತದೆ?

ಉತ್ತರ: ಇದನ್ನು ಕೇಳಿದವರು ನೀವೊಬ್ಬರೇ, ಕೇಳಿದ್ದಕ್ಕೆ ಖುಷಿಯಾಯ್ತು. ಒಬ್ಬರಿಗೆ ದಿನಕ್ಕೆ 2,100 ಕ್ಯಾಲೊರಿ ಅನ್ನುವುದು ಸಾಮಾನ್ಯ ಲೆಕ್ಕ. ಅಂದರೆ ಸುಮಾರು 400 ಗ್ರಾಂ ಅಕ್ಕಿ ಅಥವಾ ಗೋಧಿ, 60 ಗ್ರಾಂ ಬೇಳೆ, 25 ಗ್ರಾಂ ಎಣ್ಣೆ, 50 ಗ್ರಾಂ ಪೋಷಕಾಂಶ ಸೇರಿಸಿದ ಜೋಳ-ಸೋಯಾ ಹಿಟ್ಟು, 15 ಗ್ರಾಂ ಸಕ್ಕರೆ, 5 ಗ್ರಾಂ ಉಪ್ಪು. ಐದು ಜನರ ಮನೆಗೆ ತಿಂಗಳಿಗೆ 60 ಕಿಲೋ ಧಾನ್ಯ, 9 ಕಿಲೋ ಬೇಳೆ. ತರಕಾರಿ ಇಲ್ಲ, ಹಾಲಿಲ್ಲ, ಹುಣಸೆಹಣ್ಣಿಲ್ಲ, ಮೆಣಸಿನಪುಡಿ ಇಲ್ಲ.

ಇದನ್ನು ಬೇಯಿಸುವುದು ಹೇಗೆ ಅಂತ ನಿಮಗೆ ತಕ್ಷಣ ಹೊಳೆದಿರುತ್ತದೆ. ಪಾತ್ರೆ ಬೇಕು, ಸೌದೆ ಬೇಕು, ನೀರು ಬೇಕು. ಗೋಧಿ ಕಾಳು ಕೊಟ್ಟರೆ ಬೀಸಲು ಗಿರಣಿ ಬೇಕು, ಗಿರಣಿಗೆ ಕರೆಂಟೋ ಡೀಸೆಲ್ಲೋ ಬೇಕು. ಬಾಂಬು ಬಿದ್ದ ಊರಿನಲ್ಲಿ ಇದ್ಯಾವುದೂ ಇರುವುದಿಲ್ಲ. ಅದಕ್ಕೇ ಮೊದಲ ದಿನಗಳಲ್ಲಿ ಬಿಸ್ಕತ್ತು, ರೊಟ್ಟಿ, ಬೇಯಿಸಿದ ಊಟ ಕೊಡುವುದೇ ಸರಿ. ತೀರಾ ಸೊರಗಿದ ಮಕ್ಕಳಿಗೆ ಬೇರೆ ಪೊಟ್ಟಣ ಇದೆ. ಕಡಲೆಕಾಯಿ ಪೇಸ್ಟು, ಹಾಲಿನ ಪುಡಿ, ಸಕ್ಕರೆ, ಎಣ್ಣೆ, ವಿಟಮಿನ್ ಸೇರಿಸಿ ಮಾಡಿದ್ದು. 92 ಗ್ರಾಂ ತೂಕ, 500 ಕ್ಯಾಲೊರಿ. ನೀರು ಬೆರೆಸಬೇಕಿಲ್ಲ, ಒಲೆ ಹಚ್ಚಬೇಕಿಲ್ಲ. ಮೂಲೆ ಹರಿದು ಮಗು ಹಾಗೇ ಹೀರುತ್ತದೆ. ಆರೆಂಟು ವಾರ ಇದನ್ನು ಸರಿಯಾಗಿ ಕೊಟ್ಟರೆ ಎಷ್ಟೋ ಮಕ್ಕಳು ಚೇತರಿಸಿಕೊಳ್ಳುತ್ತವೆ.

ಆದರೆ ಲೆಕ್ಕದಲ್ಲಿರುವಷ್ಟು ಯಾವಾಗಲೂ ಸಿಗುವುದಿಲ್ಲ. ವಿಶ್ವ ಆಹಾರ ಕಾರ್ಯಕ್ರಮಕ್ಕೆ ಕಡ್ಡಾಯ ವಂತಿಗೆ ಅಂತ ಇಲ್ಲ, ದೇಶಗಳು ಮನಸ್ಸು ಮಾಡಿ ಕೊಟ್ಟಷ್ಟೇ. 2023ರಲ್ಲಿ ದುಡ್ಡು ಸಾಲದೆ ಕಾಕ್ಸ್ ಬಜಾರಿನ ರೋಹಿಂಗ್ಯಾ ನಿರಾಶ್ರಿತರ ತಿಂಗಳ ಪಡಿತರವನ್ನು ತಲೆಗೆ 12 ಡಾಲರ್‌ನಿಂದ 10ಕ್ಕೆ, ಆಮೇಲೆ 8ಕ್ಕೆ ಇಳಿಸಿದರು. ಎಂಟು ಡಾಲರಿನಲ್ಲಿ ಒಂದು ತಿಂಗಳು. ಮನೆ ನಡೆಸುವ ನಿಮಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ.

ಪ್ರಶ್ನೆ: ದೇವರು ಕೊಟ್ಟರೂ ಪೂಜಾರಿ ಕೊಡ ಅಂತಾರೆ. ನೆರವಿನ ಅರ್ಧ ಕಳ್ಳರ ಪಾಲಾಗುತ್ತದೆ ಅಂದಮೇಲೆ ಕಳಿಸುವುದು ಯಾಕೆ?

ಉತ್ತರ: ಅರ್ಧ ಅನ್ನುವುದಕ್ಕೆ ಆಧಾರವಿಲ್ಲ, ಆದರೆ ಕಳ್ಳತನ ಇರುವುದು ಸತ್ಯ. ಕುವೈತ್ ಯುದ್ಧದ ನಂತರ ಇರಾಕಿನ ಮೇಲೆ ದಿಗ್ಬಂಧನ ಮುಂದುವರಿಯಿತು. ತೈಲ ಮಾರಿ ಆಹಾರ ತರಿಸುವ ಪ್ರಸ್ತಾಪ 1991ರಲ್ಲೇ ಬಂದರೂ ಸದ್ದಾಂ ಒಪ್ಪಲಿಲ್ಲ. ಕೊನೆಗೆ ಒಪ್ಪಂದವಾಗಿ ಮೊದಲ ಆಹಾರ ಮುಟ್ಟಿದ್ದು 1997ರ ಮಾರ್ಚ್‌ನಲ್ಲಿ. ಆ ಯೋಜನೆಯಲ್ಲಿ 2,000ಕ್ಕೂ ಹೆಚ್ಚು ಕಂಪನಿಗಳು ಸದ್ದಾಂ ಸರ್ಕಾರಕ್ಕೆ ಒಟ್ಟು 180 ಕೋಟಿ ಡಾಲರ್‌ನಷ್ಟು ಕಪ್ಪ ಕೊಟ್ಟವು ಅಂತ 2005ರಲ್ಲಿ ವಿಶ್ವಸಂಸ್ಥೆ ನೇಮಿಸಿದ ವೋಲ್ಕರ್ ತನಿಖಾ ಸಮಿತಿ ಹೇಳಿತು. ನಮ್ಮ ಆಗಿನ ವಿದೇಶಾಂಗ ಸಚಿವ ನಟವರ್ ಸಿಂಗ್ ಅವರ ಕುರ್ಚಿಯೂ ಆ ವರದಿಯಿಂದಲೇ ಹೋಯಿತು. ಆದರೆ ಅದೇ ಯೋಜನೆಯ ಹಿಟ್ಟು, ಅಕ್ಕಿ, ಬೇಳೆಯಿಂದ ಇರಾಕಿನ ಹೆಚ್ಚಿನ ಮನೆಗಳ ಒಲೆ ಉರಿಯಿತು. ಎರಡೂ ನಿಜ.

ಇಥಿಯೋಪಿಯಾದ ಟಿಗ್ರೇಯಲ್ಲಿ 2022ರ ನವೆಂಬರ್‌ನಲ್ಲಿ ಪ್ರಿಟೋರಿಯಾ ಒಪ್ಪಂದದಿಂದ ಯುದ್ಧ ನಿಂತಿತು, ಲಾರಿಗಳು ಹೊರಟವು. ಕೆಲವೇ ತಿಂಗಳಲ್ಲಿ ನೆರವಿನ ಚೀಲಗಳು ಸಂತೆಯಲ್ಲಿ ಮಾರಾಟಕ್ಕೆ ಸಿಕ್ಕವು. ಅಮೆರಿಕ ಮತ್ತು ವಿಶ್ವ ಆಹಾರ ಕಾರ್ಯಕ್ರಮ ಮೊದಲು ಟಿಗ್ರೇಗೆ, 2023ರ ಜೂನ್‌ನಲ್ಲಿ ಇಡೀ ದೇಶಕ್ಕೆ ಧಾನ್ಯ ನಿಲ್ಲಿಸಿದವು. ಮತ್ತೆ ಸರಿಯಾಗಿ ಶುರುವಾಗಿದ್ದು ವರ್ಷದ ಕೊನೆಗೆ. ಕದ್ದವರು ಅಧಿಕಾರದಲ್ಲಿದ್ದವರು, ಬಂದೂಕು ಇದ್ದವರು. ಊಟ ನಿಂತಿದ್ದು ಡೇರೆಯಲ್ಲಿದ್ದ ತಾಯಿ ಮಕ್ಕಳದ್ದು. ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಹಾಕಿದ ಹಾಗೆ. ಫಲಾನುಭವಿಗಳ ಪಟ್ಟಿ ಸ್ಥಳೀಯ ಅಧಿಕಾರಿಯ ಕೈಯಲ್ಲಿ ಇರಬಾರದು, ಗೋದಾಮಿನಿಂದ ಮನೆ ತನಕ ಚೀಲದ ಲೆಕ್ಕ ಇರಬೇಕು, ದೂರು ಕೊಡಲು ಹೆದರದ ದಾರಿ ಇರಬೇಕು. ಇದನ್ನೆಲ್ಲ ಹಂಚುತ್ತಲೇ ಸರಿಮಾಡಬೇಕು, ಪೂರ್ತಿ ನಿಲ್ಲಿಸಿ ಅಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಪ್ರಶ್ನೆ: ನಾನು ರೈತ. ವರ್ಷಗಟ್ಟಲೆ ಹೊರಗಿನ ಧಾನ್ಯ ಸುರಿದರೆ ಅಲ್ಲಿನ ರೈತ ಮುಳುಗುವುದಿಲ್ಲವಾ?

ಉತ್ತರ: ಮುಳುಗುತ್ತಾನೆ. ಕೊಯ್ಲಿನ ಹೊತ್ತಿಗೇ ಪುಕ್ಕಟೆ ಗೋಧಿ ಬಂದಿಳಿದರೆ ಅವನ ಬೆಳೆಗೆ ಬೆಲೆ ಎಲ್ಲಿ? ಅದಕ್ಕೇ ಅಂಗಡಿಗಳು ತೆರೆದಿರುವ ಕಡೆ ಈಗ ಚೀಲದ ಬದಲು ನಗದು ಅಥವಾ ಕೂಪನ್ ಕೊಡುವುದು ಹೆಚ್ಚಾಗಿದೆ. ಅಂಗಡಿಯೇ ಇಲ್ಲದ ಕಡೆ ನಗದು ಕೊಟ್ಟರೆ ಬೆಲೆ ಏರುತ್ತದೆ ಅಷ್ಟೇ, ಅಲ್ಲಿ ಧಾನ್ಯವೇ ಬೇಕು. ಊರು ನೋಡಿ ತೀರ್ಮಾನ ಮಾಡಬೇಕು.

ಇನ್ನೊಂದು ವಿಷಯ ನಿಮಗೆ ಬೇಗ ಅರ್ಥವಾಗುತ್ತದೆ. ಮಳೆಗೆ ಮುಂಚೆ ಬಿತ್ತನೆ ಬೀಜ ಮುಟ್ಟದಿದ್ದರೆ ಇನ್ನೊಂದು ವರ್ಷ ನೆರವಿನ ಸಾಲಿನಲ್ಲೇ ನಿಲ್ಲಬೇಕು. ಹೊಲದಲ್ಲಿ ನೆಲಬಾಂಬ್ ಇದ್ದರೆ ಬೀಜ ಇದ್ದೂ ಉಳುವ ಹಾಗಿಲ್ಲ. ಯುಕ್ರೇನಿನ ರೈತರು ಇವತ್ತು ಇದೇ ಸಂಕಟದಲ್ಲಿದ್ದಾರೆ. ಹಸಿದ ಮನೆಯಲ್ಲಿ ಬಿತ್ತನೆ ಬೀಜ ಉಳಿಯುವುದೂ ಕಷ್ಟ, ಮಕ್ಕಳು ಅಳುವಾಗ ಅದನ್ನೇ ಬೇಯಿಸಿಬಿಡುತ್ತಾರೆ. ಹಾಗಾಗಿ ಈ ಕೆಲಸದಲ್ಲಿ ಪಳಗಿದವರು ಬೀಜದ ಚೀಲ ಕೊಡುವಾಗಲೇ, ಆ ಬೀಜ ಮಣ್ಣಿಗೆ ಬಿದ್ದು ಪೈರು ಕೈಗೆ ಬರುವ ತನಕ ತಿನ್ನಲು ಬೇರೆ ಚೀಲವನ್ನೂ ಕೊಡುತ್ತಾರೆ.